ಸಕ್ಕರೆ ಕಾಯಿಲೆ ‘ವಾಸಿ’ ಮಾಡುವ ಪುಡಿ: ಕೊಪ್ಪಳ, ರಾಯಚೂರು ಕಡೆಯವರು ದಯವಿಟ್ಟು ಓದಿರಿ

ನಾಡಿನಲ್ಲೆಲ್ಲ ಹೆಸರಾದ ಹೃದಯ ತಜ್ಞರೊಬ್ಬರು ಟಿವಿ ಸುದ್ದಿಯಲ್ಲಿ ಕುಳಿತು, ‘ಸಕ್ಕರೆ ಕಾಯಿಲೆಗೆ ಇನ್ನು ಜೀವನಪೂರ್ತಿ ಗುಳಿಗೆ ನುಂಗಬೇಕಿಲ್ಲ’ ಎಂದು ಕನ್ನಡದಲ್ಲಿ ಹೇಳುವ ವಿಡಿಯೊ ನಿಮ್ಮ ಮನೆಯ ಹಿರಿಯರ ಮೊಬೈಲಿಗೂ ಬಂದಿರಬಹುದು. ಅದು ನಕಲಿ. ಆ ವೈದ್ಯರು ಆ ಮಾತನ್ನು ಆಡಿಯೇ ಇಲ್ಲ. ವಿಡಿಯೊದ ಕೆಳಗಿನ ಕೊಂಡಿ ಒತ್ತಿ ಹೆಸರು, ಫೋನ್ ನಂಬರು ತುಂಬಿದರೆ ಒಂದು ಪುಡಿಯ ಡಬ್ಬಿ ಮನೆಗೆ ಬರುತ್ತದೆ; ಅದರ ಬೆನ್ನಿಗೇ ತಾನು ಡಾಕ್ಟರ್ ಎಂದು ಹೇಳಿಕೊಳ್ಳುವ ಹೆಣ್ಣುಮಗಳೊಬ್ಬಳ ಕರೆ ಬರುತ್ತದೆ; ಈಗ ತೆಗೆದುಕೊಳ್ಳುತ್ತಿರುವ ಗುಳಿಗೆಗಳನ್ನು ನಿಲ್ಲಿಸಿ ಎಂಬುದೇ ಆಕೆಯ ಮೊದಲ ಸಲಹೆ. ನಮ್ಮ ಅಪ್ಪನಿಗೆ ಆದದ್ದು ಇದು. ಪುಡಿಯ ಹೆಸರನ್ನು ಇಲ್ಲಿ ಬರೆದು ಪ್ರಯೋಜನವಿಲ್ಲ, ಏಕೆಂದರೆ ಅದೇ ವಿಡಿಯೊ ಈಗಾಗಲೇ ಬೇರೆ ಹೆಸರಿನ ಡಬ್ಬಿಗೆ ಅಂಟಿಕೊಂಡು ಓಡಾಡುತ್ತಿದೆ. ಆದ್ದರಿಂದ ಅವರು ಹೇಗೆ ಮೋಸ ಮಾಡುತ್ತಾರೆ ಎಂಬುದನ್ನೇ ಬರೆಯುತ್ತಿದ್ದೇನೆ.

ಅಪ್ಪ ಕಾರಟಗಿ ಹತ್ತಿರದ ನಮ್ಮ ಊರಿನಲ್ಲಿದ್ದಾರೆ, ನಾನು ಗಂಗಾವತಿಯಲ್ಲಿ ಅಕ್ಕಿ ಗಿರಣಿಯೊಂದರ ಲೆಕ್ಕಪತ್ರ ನೋಡುತ್ತೇನೆ. ಸರ್ಕಾರಿ ಆಸ್ಪತ್ರೆಯ ಎನ್‌ಸಿಡಿ (ಸಕ್ಕರೆ, ಬಿಪಿಯಂಥ ಅಂಟದ ಕಾಯಿಲೆಗಳ) ಕ್ಲಿನಿಕ್ಕಿನಲ್ಲಿ ಅವರಿಗೆ ಮೆಟ್‌ಫಾರ್ಮಿನ್ ಗುಳಿಗೆ ಉಚಿತವಾಗಿ ಸಿಗುತ್ತಿತ್ತು, ಸಕ್ಕರೆ ಪ್ರಮಾಣವೂ ಹತೋಟಿಯಲ್ಲಿತ್ತು. ಆದರೆ ಸಾಯುವ ತನಕ ಗುಳಿಗೆ ನುಂಗಬೇಕಲ್ಲ ಎಂಬ ಬೇಸರ ಅವರನ್ನು ಬಿಟ್ಟಿರಲಿಲ್ಲ. ಆ ಬೇಸರವನ್ನೇ ಈ ಜನ ಮಾರಾಟದ ಸರಕು ಮಾಡಿಕೊಂಡಿದ್ದಾರೆ. ‘ಅಷ್ಟು ದೊಡ್ಡ ಡಾಕ್ಟರೇ ಹೇಳ್ಯಾರ ತಮ್ಮಾ, ಟಿವ್ಯಾಗ ಬಂದದ’ ಎಂದು ಅಪ್ಪ ಫೋನಿನಲ್ಲಿ ಹೇಳಿದಾಗ ಅವರ ದನಿಯಲ್ಲಿದ್ದ ಹಿಗ್ಗನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ವಿಚಾರಿಸದೆ ಒಪ್ಪಿದ ಮಾತಲ್ಲ ಇದು, ಅದನ್ನು ಸ್ಪಷ್ಟವಾಗಿ ಹೇಳಬೇಕು. ನಾನು ಆ ಪುಡಿಯ ಹೆಸರನ್ನು ಗೂಗಲ್‌ನಲ್ಲಿ ಹಾಕಿ, ಇದು ನಿಜವೇ, ಅಡ್ಡ ಪರಿಣಾಮ ಇದೆಯೇ ಎಂದು ಹುಡುಕಿದೆ. ಮೇಲೆ ಬಂದ ಪುಟಗಳೆಲ್ಲ ‘ನಿಜವೇ? ಪೂರ್ಣ ವಿಮರ್ಶೆ’ ಎಂಬಂಥ ತಲೆಬರಹ ಹೊತ್ತಿದ್ದವು, ಎಲ್ಲದರ ತೀರ್ಪು ಒಂದೇ, ಎಲ್ಲದರ ಕೊನೆಗೂ ಅದೇ ಖರೀದಿಯ ಗುಂಡಿ. ಜನ ಅನುಮಾನಪಟ್ಟು ಯಾವ ಪದ ಹಾಕಿ ಹುಡುಕುತ್ತಾರೆ ಎಂಬುದನ್ನು ಮೊದಲೇ ಊಹಿಸಿ, ಆ ಪದಗಳಿಗೇ ಪುಟ ಕಟ್ಟಿ ಇಟ್ಟಿದ್ದಾರೆ! ನಾವು ಪ್ರಶ್ನೆ ಕೇಳುತ್ತಿದ್ದೇವೆ ಎಂದುಕೊಳ್ಳುತ್ತೇವೆ, ಉತ್ತರ ಕೊಡುವವನು ಅಂಗಡಿಯವನೇ ಆಗಿರುತ್ತಾನೆ. ಮಾರಾಟದ ಪುಟದಲ್ಲಿದ್ದ 14 ಅಂಕಿಗಳ ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ಪರವಾನಗಿ ಸಂಖ್ಯೆಯನ್ನೂ ಆ ಪರವಾನಗಿಗಳನ್ನು ನೋಡುವ ಸರ್ಕಾರದ ಫಾಸ್ಕೋಸ್ ಜಾಲತಾಣದಲ್ಲಿ ಹಾಕಿ ನೋಡಿದೆ. ಪರವಾನಗಿ ಇತ್ತು. ತಯಾರಕರ ಹೆಸರೂ ಹೊಂದಿತ್ತು. ಆದರೆ ಆ ಸಂಖ್ಯೆ ಹೇಳುವುದು ಇಷ್ಟೇ: ಇವರಿಗೆ ಆಹಾರ ಪದಾರ್ಥ ತಯಾರಿಸಿ ಮಾರಲು ಅನುಮತಿ ಇದೆ ಎಂದು. ಆ ಪದಾರ್ಥ ಯಾವ ಕಾಯಿಲೆಗೆ ಕೆಲಸ ಮಾಡುತ್ತದೆ ಎಂಬುದಕ್ಕೂ ಆ ಸಂಖ್ಯೆಗೂ ಏನೇನೂ ಸಂಬಂಧವಿಲ್ಲ. ಉಪ್ಪಿನಕಾಯಿ ಮಾರುವವರೂ ಅದೇ ಪರವಾನಗಿ ಪಡೆಯುತ್ತಾರೆ. ‘ಸರ್ಕಾರದಿಂದ ಅಂಗೀಕೃತ’ ಎಂದು ಆ ಕರೆಯ ಹೆಣ್ಣುಮಗಳು ಹೇಳುತ್ತಿದ್ದದ್ದು ಈ ಕಾಗದದ ಬಲದ ಮೇಲೆ.

ಡಬ್ಬಿ ಬಂತು, ಅಪ್ಪ ಸುಮಾರು ಆರು ಸಾವಿರ ರೂಪಾಯಿ ನಗದು ಕೊಟ್ಟು ಬಿಡಿಸಿಕೊಂಡರು. ಕರೆ ಮಾಡಿದ ‘ಡಾಕ್ಟರ್ ಮೇಡಂ’ ಗುಳಿಗೆ ನಿಲ್ಲಿಸಲು ಹೇಳಿದ್ದನ್ನು ಅಪ್ಪ ನನಗೆ ತಿಳಿಸಲಿಲ್ಲ. ಆಕೆಯೇ ‘ಮನೆಯವರು ಹೆದರಿಸುತ್ತಾರೆ, ಗುಣವಾದ ಮೇಲೆ ಹೇಳಿ’ ಎಂದಿದ್ದಳಂತೆ. ಇನ್ನೂ ಒಂದು ಮಾತು ಹೇಳಿದ್ದಳು: ಮೂರು ತಿಂಗಳಾಗುವ ತನಕ ರಕ್ತ ಪರೀಕ್ಷೆ ಮಾಡಿಸಬೇಡಿ, ಮಾಡಿಸಿದರೆ ತಪ್ಪು ಫಲಿತಾಂಶ ಬರುತ್ತದೆ. ಇದು ಎಂಥ ಕುಯುಕ್ತಿ ಎಂಬುದನ್ನು ಗಮನಿಸಿರಿ. ಎಚ್‌ಬಿಎ1ಸಿ ಎಂಬ ಪರೀಕ್ಷೆ ಹಿಂದಿನ ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿಯನ್ನು ತೋರಿಸುತ್ತದೆ ಎಂಬುದು ನಿಜ. ಆ ನಿಜದ ಒಂದು ತುಣುಕನ್ನು ಹಿಡಿದು, ಬೆರಳ ತುದಿಯ ಒಂದು ಹನಿ ರಕ್ತದಿಂದ ಅಂದೇ ತಿಳಿಯಬಹುದಾದ ಸಂಗತಿಯನ್ನು ಮುಚ್ಚಿಟ್ಟರು. ಅಷ್ಟರೊಳಗೆ ಡಬ್ಬಿ ಹಿಂದಿರುಗಿಸುವ ಅವಧಿಯೂ ಮುಗಿದುಹೋಗುತ್ತದೆ.

ಅಪ್ಪನಿಗೆ ಬಾಯಾರಿಕೆ ಹೆಚ್ಚಿತು, ರಾತ್ರಿಯೆಲ್ಲ ಮೂತ್ರಕ್ಕೆ ಏಳುವಂತಾಯಿತು, ಗದ್ದೆಯಲ್ಲಿ ಕಾಲಿಗೆ ಆದ ಸಣ್ಣ ಗಾಯ ಮಾಯದೆ ಕೀವು ತುಂಬಿತು. ಅವ್ವ ಹೆದರಿ ಫೋನ್ ಮಾಡಿದ ಮೇಲೆ ನಾನು ಊರಿಗೆ ಓಡಿದೆ, ಆಸ್ಪತ್ರೆಗೆ ಕರೆದುಕೊಂಡು ಹೋದೆ. ಸಕ್ಕರೆ 400 ದಾಟಿತ್ತು. ವೈದ್ಯರು ಗುಳಿಗೆಯ ಬಗ್ಗೆ ಕೇಳಿದರು, ಅಪ್ಪ ತಲೆ ತಗ್ಗಿಸಿದರು, ಅವ್ವ ಚೀಲದಿಂದ ಆ ಡಬ್ಬಿ ತೆಗೆದು ಮೇಜಿನ ಮೇಲಿಟ್ಟಳು. ವೈದ್ಯರು ಮುಂಭಾಗ ನೋಡಲೇ ಇಲ್ಲ, ನೇರವಾಗಿ ಹಿಂದೆ ತಿರುಗಿಸಿದರು, ಪೆನ್ನಿನ ತುದಿಯಿಂದ ಒಂದು ಸಾಲನ್ನು ತೋರಿಸಿ ನನ್ನನ್ನೇ ಓದಲು ಹೇಳಿದರು. ಎಳ್ಳಿನಷ್ಟು ಸಣ್ಣ ಇಂಗ್ಲಿಷ್ ಅಕ್ಷರಗಳಲ್ಲಿ, ಇದು ಔಷಧವಾಗಿ ಬಳಸಲು ಅಲ್ಲ ಎಂದು ಅಚ್ಚಾಗಿತ್ತು. ‘ಹಿಂಗಂತ ಅವರೇ ಬರ್ದಾರ ನೋಡ್ರಿ. ಅವರೇ ಔಷಧಿ ಅಲ್ಲ ಅಂದ ಮ್ಯಾಲ ಯಜಮಾನ್ರು ಯಾಕ ಔಷಧಿ ಬಿಟ್ರು?’ ಎಂದು ಅವರು ಕೇಳಿದರು. ಸಿಟ್ಟಿನಿಂದ ಕೇಳಲಿಲ್ಲ, ಮೆಲ್ಲಗೇ ಕೇಳಿದರು. ಬಾಗಿಲ ತನಕ ಚೀಟಿ ಹಿಡಿದು ನಿಂತಿದ್ದವರೆಲ್ಲ ನಮ್ಮನ್ನೇ ನೋಡುತ್ತಿದ್ದರು. ಅಪ್ಪ ಊರಿನಲ್ಲಿ ನಾಲ್ಕು ಜನ ಮಾತು ಕೇಳುವಂಥ ಮನುಷ್ಯ, ಆ ಹೊತ್ತಿನಲ್ಲಿ ಅವರ ಮುಖ ನೋಡಲು ನನ್ನಿಂದ ಆಗಲಿಲ್ಲ. ಆ ಸಾಲನ್ನು ಕಾನೂನಿನ ಪ್ರಕಾರ ಅಚ್ಚು ಹಾಕಿಸಿದ ಜನವೇ ಫೋನಿನಲ್ಲಿ ‘ಇದೇ ನಿಮ್ಮ ಔಷಧ’ ಎಂದು ಹೇಳಿದ್ದರು. ಇಂಗ್ಲಿಷಿನಲ್ಲಿ ಔಷಧವಲ್ಲ, ಕನ್ನಡದಲ್ಲಿ ಔಷಧ!

ಅಂದೇ ಸಂಜೆ ಆ ನಂಬರಿಗೆ ಕರೆ ಮಾಡಿದೆ. ಅವರ ಉತ್ತರಗಳನ್ನು ಹಾಗೆ ಹಾಗೆಯೇ ಬರೆಯುತ್ತೇನೆ, ನಾಳೆ ನಿಮಗೂ ಇವೇ ಉತ್ತರ ಬರುತ್ತವೆ. ಸಕ್ಕರೆ 400 ದಾಟಿದೆ ಎಂದರೆ, ‘ದೇಹದಲ್ಲಿರೋ ವಿಷ ಹೊರಗೆ ಬರ್ತಾ ಇದೆ ಸರ್, ಅದು ಒಳ್ಳೇ ಲಕ್ಷಣ, ಕೋರ್ಸ್ ನಿಲ್ಲಿಸ್ಬೇಡಿ.’ ಡಬ್ಬಿಯ ಹಿಂದಿನ ಸಾಲು ತೋರಿಸಿದರೆ, ‘ಅದು ಫಾರ್ಮಾಲಿಟಿ ಸರ್, ಎಲ್ಲರೂ ಹಾಕ್ತಾರೆ.’ ಆ ಮೇಡಂ ವೈದ್ಯರೇ ಆಗಿದ್ದರೆ ನೋಂದಣಿ ಸಂಖ್ಯೆ ಕೊಡಿ ಎಂದು ಕೇಳಿದೆ. ಫೋನಿನಲ್ಲಿ ಸಲಹೆ ಕೊಡುವ ವೈದ್ಯರು ತಮ್ಮ ನೋಂದಣಿ ಸಂಖ್ಯೆಯನ್ನು ಕಾಣಿಸಬೇಕೆಂದು 2020ರ ಟೆಲಿಮೆಡಿಸಿನ್ ಮಾರ್ಗಸೂಚಿಯಲ್ಲಿಯೇ ಇದೆ. ಅದಕ್ಕೆ ಬಂದ ಉತ್ತರ: ‘ಅವರು ವೆಲ್‌ನೆಸ್ ಕನ್ಸಲ್ಟೆಂಟ್ ಸರ್, ಡಾಕ್ಟರ್ ಅಂತ ನಾವು ಎಲ್ಲೂ ಹೇಳಿಲ್ಲ.’ ಹೇಳಿಲ್ಲವಂತೆ! ಅಪ್ಪ ಆಕೆಯನ್ನು ಪ್ರತಿ ಸಲವೂ ‘ಡಾಕ್ಟರ್ ಅವ್ವ’ ಎಂದೇ ಕರೆದಿದ್ದರು, ಒಮ್ಮೆಯೂ ಆಕೆ ತಿದ್ದಲಿಲ್ಲ.

1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆಯ ಪ್ರಕಾರ ಮಧುಮೇಹ ಗುಣಪಡಿಸುತ್ತೇವೆ ಎಂದು ಔಷಧದ ಜಾಹೀರಾತು ಕೊಡುವುದೇ ಅಪರಾಧ, ಮೊದಲ ಸಲಕ್ಕೇ ಆರು ತಿಂಗಳವರೆಗೆ ಜೈಲು ಆಗಬಹುದು ಎಂದೆ. ‘ಇದು ಔಷಧ ಅಲ್ವಲ್ಲ ಸರ್, ಫುಡ್. ಆ ಕಾಯ್ದೆ ನಮಗೆ ಬರಲ್ಲ’ ಎಂದರು. ಆಹಾರವಾದರೆ ರೋಗ ಗುಣಪಡಿಸುತ್ತದೆ ಎಂದು ಹೇಳುವುದನ್ನು 2018ರ ಆಹಾರ ಜಾಹೀರಾತು ನಿಯಮಗಳು ನಿಷೇಧಿಸಿವೆ, ದಾರಿ ತಪ್ಪಿಸುವ ಜಾಹೀರಾತಿಗೆ ಹತ್ತು ಲಕ್ಷ ರೂಪಾಯಿವರೆಗೆ ದಂಡ ಇದೆ ಎಂದಾಗ ಕರೆ ಕಡಿತವಾಯಿತು. ಮರುದಿನ ‘ರಿಫಂಡ್ ವಿಭಾಗ’ದಿಂದ ಎಂದು ಇನ್ನೊಬ್ಬನ ಕರೆ ಬಂತು; ಹಣ ವಾಪಸು ಕಳಿಸುತ್ತೇವೆ, ಈ ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಹಾಕಿ ಎಂದ. ಹಣ ಪಡೆಯುವವನು ಯಾವತ್ತೂ ಯುಪಿಐ ಪಿನ್ ಹಾಕಬೇಕಾಗಿಲ್ಲ. ಕಾಯಿಲೆಯ ಮನುಷ್ಯನನ್ನು ಒಮ್ಮೆ ಸುಲಿದದ್ದು ಇವರಿಗೆ ಸಾಕಾಗಿರಲಿಲ್ಲ.

ಆ ವಿಡಿಯೊದ ಒಂದು ಚಿತ್ರವನ್ನು ತೆಗೆದು ಗೂಗಲ್ ಲೆನ್ಸ್‌ನಲ್ಲಿ ಹಾಕಿದಾಗ ಮೂಲ ಸಂದರ್ಶನ ಸಿಕ್ಕಿತು: ಅದೇ ಅಂಗಿ, ಅದೇ ಕುರ್ಚಿ, ಮಾತು ಇಂಗ್ಲಿಷಿನಲ್ಲಿ, ವಿಷಯ ಹೃದಯದ ಶಸ್ತ್ರಚಿಕಿತ್ಸೆ. ಧ್ವನಿಯನ್ನೂ ತುಟಿಯನ್ನೂ ಕಂಪ್ಯೂಟರಿನಲ್ಲಿ ಬದಲಿಸಿ ಕನ್ನಡ ಆಡಿಸಿದ್ದರು. ಆದ್ದರಿಂದ ದಯವಿಟ್ಟು ವಸ್ತುವಿನ ಹೆಸರು ಹಾಕಿ ಹುಡುಕಬೇಡಿರಿ, ಅಲ್ಲಿ ಮಾರುವವರೇ ಕುಳಿತಿರುತ್ತಾರೆ. ಕಾಯಿಲೆಯ ಹೆಸರು ಹಾಕಿ, ಗುಳಿಗೆ ಬಿಟ್ಟರೆ ಏನಾಗುತ್ತದೆ ಎಂದು ಹುಡುಕಿರಿ. ಪುಟ ಯಾರದು, ಅದರ ಕೊನೆಯಲ್ಲಿ ಏನನ್ನಾದರೂ ಮಾರುತ್ತಿದ್ದಾರೆಯೇ ಎಂದು ನೋಡಿರಿ. ಕನ್ನಡದಲ್ಲಿ ಹುಡುಕಿದರೆ ಮನೆಮದ್ದಿನ ವಿಡಿಯೊಗಳೇ ರಾಶಿ ಬೀಳುತ್ತವೆ, ನಂಬಬಹುದಾದ ಮಾಹಿತಿ ಇಂಗ್ಲಿಷಿನಲ್ಲಿ ಉಳಿದುಬಿಟ್ಟಿದೆ. ನಮ್ಮ ಹಿರಿಯರು ಸಿಕ್ಕಿಬೀಳುವುದು ಈ ಸಂದಿಯಲ್ಲಿ, ಅದಕ್ಕೆ ಅವರನ್ನು ಬಯ್ಯುವುದು ಅನ್ಯಾಯ. ಇಂಗ್ಲಿಷ್ ಓದಲಾಗದವರು ಆರೋಗ್ಯ ಸಹಾಯವಾಣಿ 104ಕ್ಕೆ ಕರೆ ಮಾಡಿ ಕನ್ನಡದಲ್ಲಿಯೇ ಕೇಳಬಹುದು.

ನಮ್ಮ ಹಣ ಬಂದಿಲ್ಲ. ಗ್ರಾಹಕ ಸಹಾಯವಾಣಿ 1915ಕ್ಕೂ ಸೈಬರ್ ಅಪರಾಧದ 1930ಕ್ಕೂ ದೂರು ಕೊಟ್ಟಿದ್ದೇನೆ. ಅಪ್ಪ ಈಗ ಇನ್ಸುಲಿನ್ ತೆಗೆದುಕೊಳ್ಳುತ್ತಿದ್ದಾರೆ, ಕಾಲಿನ ಗಾಯಕ್ಕೆ ಪಟ್ಟಿ ಕಟ್ಟಿಸಲು ಆಸ್ಪತ್ರೆಗೆ ಹೋಗಿಬರುವುದು ನಡೆದೇ ಇದೆ. ಇದೇ ವಿಡಿಯೊ ಮೊಣಕಾಲು ನೋವಿನ ಎಣ್ಣೆಯ ಹೆಸರಿನಲ್ಲಿ ಸಿಂಧನೂರು ಕಡೆಯ ನಮ್ಮ ಬೀಗರ ವಾಟ್ಸ್ಆ್ಯಪ್ ಗುಂಪಿನಲ್ಲಿ ಬಂದಿದೆ. ನಿಮ್ಮ ಮನೆಗೆ ಇಂಥ ಡಬ್ಬಿ ಬಂದಿದ್ದು, ಯಾರಾದರೂ ಗುಳಿಗೆ ಬಿಟ್ಟಿದ್ದರೆ ಇವತ್ತೇ ವೈದ್ಯರನ್ನು ಕಾಣಿರಿ, ಹಣದ ಜಗಳ ಆಮೇಲೆ ಮಾಡಬಹುದು. ಡಬ್ಬಿಯನ್ನು ಮಾತ್ರ ಸಿಟ್ಟಿನಲ್ಲಿ ಎಸೆಯಬೇಡಿರಿ. ಅದರ ಮೇಲಿನ ಬ್ಯಾಚ್ ಸಂಖ್ಯೆ, ಪಾರ್ಸಲ್ ಚೀಟಿ ಮತ್ತು ಕರೆ ಬಂದ ನಂಬರುಗಳು ದೂರಿಗೆ ಬೇಕಾಗುತ್ತವೆ.