ಆಟ ಮುಗಿದ ಮೇಲೆ ಯಾರನ್ನು ಕೇಳೋದು? ಮೂರು ಚೆಸ್ ಸಹಾಯಕರ ಜೊತೆ ನಾಲ್ಕು ವರ್ಷ

ಒಂದೇ ವಾರದಲ್ಲಿ ಒಂದೇ ಬಲೆಗೆ ಮೂರು ಸಲ ಬಿದ್ದ ಮೇಲೆ ನಾನು ಯಂತ್ರದ ಮೊರೆ ಹೋದದ್ದು. ಆನ್‌ಲೈನ್ ಚೆಸ್ ಆಡುವವರಿಗೆಲ್ಲ ಆ ಬಲೆ ಪರಿಚಿತ: ಫ್ರೈಡ್ ಲಿವರ್. ಬಿಳಿಯವನು ಒಂಟೆಯನ್ನು ಸಿ4 ಎಂಬ ಮನೆಗೆ ತಂದು, ಕುದುರೆಯನ್ನು ಜಿ5ಕ್ಕೆ ಹಾರಿಸುತ್ತಾನೆ. ಎರಡರ ಕಣ್ಣೂ ನನ್ನ ಎಫ್7ರ ಸೈನಿಕನ ಮೇಲೆ. ನಾನು ಡಿ5 ತಳ್ಳಿ ಒಂಟೆಯ ದಾರಿ ಮುಚ್ಚುತ್ತೇನೆ. ಅವನು ಆ ಸೈನಿಕನನ್ನು ಹೊಡೆಯುತ್ತಾನೆ, ನಾನು ಕುದುರೆಯಿಂದ ತಿರುಗಿ ಹೊಡೆಯುತ್ತೇನೆ. ಯಾರಾದರೂ ಹಾಗೇ ಆಡ್ತಾರಲ್ಲ? ಅಷ್ಟರಲ್ಲಿ ಅವನ ಕುದುರೆ ಎಫ್7ಕ್ಕೆ ನುಗ್ಗಿ ಮಂತ್ರಿಗೂ ಆನೆಗೂ ಒಟ್ಟಿಗೇ ಗುರಿಯಿಡುತ್ತದೆ. ರಾಜನಿಂದಲೇ ಅದನ್ನು ಹೊಡೆಯುತ್ತೇನೆ. ಬಿಳಿಯ ಮಂತ್ರಿ ಎಫ್3ಕ್ಕೆ ಬಂದು ಚೆಕ್ ಕೊಡುತ್ತದೆ, ಡಿ5ರ ಕುದುರೆ ಉಳಿಸಿಕೊಳ್ಳಲು ನನ್ನ ರಾಜ ಇ6ಕ್ಕೆ, ನಟ್ಟನಡುಬೀದಿಗೆ, ಬರಿಗಾಲಲ್ಲಿ ಬಂದು ನಿಲ್ಲುತ್ತಾನೆ.

ನಾನು ಚದುರಂಗ ಕಲಿತದ್ದು ಅಜ್ಜನ ಹತ್ತಿರ. ಅವರ ಆಟದಲ್ಲಿ ಸೈನಿಕ ಮೊದಲ ಸಲವೂ ಒಂದೇ ಮನೆ ಹೋಗುತ್ತಿದ್ದ, ರಾಜನಿಗೆ ಒಮ್ಮೆ ಕುದುರೆಯಂತೆ ಹಾರುವ ಅವಕಾಶವಿತ್ತು. ಹಾಗಾಗಿ ಓಪನಿಂಗ್, ಅಂದರೆ ಆಟದ ಮೊದಲ ನಡೆಗಳ ಶಾಸ್ತ್ರ, ಅನ್ನೋದೊಂದಿದೆ ಅಂತ ನನಗೆ ಗೊತ್ತಾದದ್ದೇ ನಲವತ್ತರ ಹತ್ತಿರ ಬಂದಾಗ. ಅಲ್ಲಿಂದ ನಾಲ್ಕು ವರ್ಷ, ದಿನಕ್ಕೊಂದೆರಡು ಹತ್ತು ನಿಮಿಷದ ಆಟ, ಮತ್ತು ಆಟ ಮುಗಿದ ಮೇಲೆ ವಿಮರ್ಶೆಗೆ ಮೂವರು ಸಹಾಯಕರು: ಚೆಸ್ ಡಾಟ್ ಕಾಮ್ ಜಾಲತಾಣದ ಗೇಮ್ ರಿವ್ಯೂ, ಲಿಚೆಸ್ ಜಾಲತಾಣದ ಕಂಪ್ಯೂಟರ್ ವಿಶ್ಲೇಷಣೆ, ಮತ್ತು ಮಾಯಾ ಎಂಬ ಬಾಟ್, ಅಂದರೆ ತಾನೇ ಎದುರಾಳಿಯಾಗಿ ಆಡುವ ಪ್ರೋಗ್ರಾಂ.

ಮೊದಲ ಎರಡರ ಹೊಟ್ಟೆಯೊಳಗೆ ಇರುವುದು ಒಂದೇ ಜಾತಿಯ ಜೀವ, ಇಂಜಿನ್, ಅಂದರೆ ಒಳ್ಳೆಯ ನಡೆಯ ಲೆಕ್ಕ ಹಾಕುವ ಪ್ರೋಗ್ರಾಂ. ಲಿಚೆಸ್‌ನಲ್ಲಿರುವುದು ಸ್ಟಾಕ್‌ಫಿಶ್. 2008ರಲ್ಲಿ ಹುಟ್ಟಿದ, ಯಾರು ಬೇಕಾದರೂ ಕೋಡ್ ನೋಡಬಹುದಾದ ಇಂಜಿನ್. 2020ರಲ್ಲಿ ಅದಕ್ಕೊಂದು ನ್ಯೂರಲ್ ನೆಟ್‌ವರ್ಕ್ ಸೇರಿಸಿದರು, ಆ ಉಪಾಯ ಬಂದದ್ದು ಜಪಾನಿನ ಚದುರಂಗವಾದ ಶೋಗಿಯಿಂದ. ಈಗ ಜೇಬಿನ ಫೋನಿನಲ್ಲಿ ಓಡುವ ಸ್ಟಾಕ್‌ಫಿಶ್ ಕೂಡ ಯಾವ ವಿಶ್ವ ಚಾಂಪಿಯನ್ನಿಗಿಂತಲೂ ಬಲಶಾಲಿ. ಅಂದಮೇಲೆ ಯಾವುದರ ಉತ್ತರ ಹೆಚ್ಚು ಸರಿ ಅನ್ನೋ ಹೋಲಿಕೆಗೆ ಅರ್ಥವಿಲ್ಲ. ಉತ್ತರವನ್ನು ಹೇಗೆ ಬಡಿಸುತ್ತಾರೆ ಅನ್ನೋದರಲ್ಲೇ ಎಲ್ಲ ಇದೆ.

ಗೇಮ್ ರಿವ್ಯೂ ಬಡಿಸೋದು ಮದುವೆಮನೆ ಊಟದ ಹಾಗೆ. ನಿಖರತೆ ಇಷ್ಟು ಪರ್ಸೆಂಟ್, ನಿಮ್ಮ ಆಟ ಇಷ್ಟು ರೇಟಿಂಗ್‌ನವರ (ಆಟಗಾರನ ಬಲ ಅಳೆಯುವ ಅಂಕ) ಆಟದಂತಿತ್ತು, ಪ್ರತಿ ನಡೆಗೂ ಒಂದೊಂದು ಬಣ್ಣದ ಬಿಲ್ಲೆ, ಜೊತೆಗೆ ಬಾಯಿಬಿಟ್ಟು ಹೇಳುವ ಕೋಚ್. ಆಗ ಉಚಿತ ಖಾತೆಗೆ ದಿನಕ್ಕೊಂದು ರಿವ್ಯೂ ಸಿಗುತ್ತಿತ್ತು. ನಾನು ಒಂದು ವರ್ಷ ಸದಸ್ಯತ್ವ ಕೊಂಡಿದ್ದೆ. ಹೊಸಬರಿಗೆ ಇದಕ್ಕಿಂತ ಒಳ್ಳೆಯದಿಲ್ಲ ಅನ್ನುವುದು ನನ್ನ ಅಭಿಪ್ರಾಯ. "ಈ ನಡೆಯಿಂದ ನಿಮ್ಮ ಕುದುರೆಗೆ ಕಾವಲಿಲ್ಲದಂತಾಯಿತು" ಎಂದು ಮಾತಿನಲ್ಲಿ ಹೇಳಿದರೆ ಆರಂಭದಲ್ಲಿ ಅದರ ಬೆಲೆ ದೊಡ್ಡದು. ಯಾರು ಎಷ್ಟು ಮುಂದಿದ್ದಾರೆ ಅನ್ನೋ ಇಂಜಿನ್ನಿನ ಲೆಕ್ಕ ಬರೀ "ಮೈನಸ್ 2.3" ಎಂದು ಬಂದರೆ ಹೊಸಬ ಏನು ಮಾಡಬೇಕು?

ತೊಂದರೆ ಶುರುವಾದದ್ದು ನನ್ನ ಕಡೆಯಿಂದ. ಎರಡು ಆಶ್ಚರ್ಯಸೂಚಕದ "ಬ್ರಿಲಿಯಂಟ್" ಬಿಲ್ಲೆ ಸಿಗೋದು ಹೆಚ್ಚಾಗಿ ಕಾಯಿ ಬಲಿಕೊಟ್ಟು ಗೆಲ್ಲುವ ನಡೆಗೆ. ಅದರ ರುಚಿ ಹತ್ತಿದ ಮೇಲೆ ಬೇಕಾದಲ್ಲಿ ಬೇಡಾದಲ್ಲಿ ಆನೆ ಕೊಡೋಕೆ ಶುರುಮಾಡಿದೆ. ಗೆದ್ದ ಆಟದ ರಿವ್ಯೂ ಮಾತ್ರ ನೋಡುತ್ತಿದ್ದೆ, ಸೋತದ್ದನ್ನು ಮುಚ್ಚಿಬಿಡುತ್ತಿದ್ದೆ. ಪರೀಕ್ಷೆಯಲ್ಲಿ ಪಾಸಾದ ಪೇಪರನ್ನಷ್ಟೇ ಮನೆಗೆ ತರುವ ಹುಡುಗನ ಬುದ್ಧಿ.

ಲಿಚೆಸ್ಸಿಗೆ ಹೋದದ್ದು ಮುಖ್ಯವಾಗಿ ಜಿಪುಣತನದಿಂದ. ಫ್ರಾನ್ಸಿನ ತಿಬೋ ದ್ಯುಪ್ಲೆಸಿ 2010ರಲ್ಲಿ ಶುರುಮಾಡಿದ ಅದು ಪೂರ್ತಿ ಉಚಿತ, ಜಾಹೀರಾತಿಲ್ಲ, ದೇಣಿಗೆಯಲ್ಲಿ ನಡೆಯುತ್ತದೆ. ವಿಶ್ಲೇಷಣೆ ಕೇಳಿದರೆ ಸ್ವಯಂಸೇವಕರು ತಮ್ಮ ತಮ್ಮ ಮನೆಯ ಕಂಪ್ಯೂಟರುಗಳಲ್ಲಿ ಸ್ಟಾಕ್‌ಫಿಶ್ ಓಡಿಸಿ ಕಳಿಸುತ್ತಾರೆ. ಇದು ತಿಳಿದ ದಿನದಿಂದ ನನ್ನ ದರಿದ್ರ ಆಟಗಳನ್ನು ಅಲ್ಲಿಗೆ ಕಳಿಸೋಕೆ ಸ್ವಲ್ಪ ಸಂಕೋಚ. ಯಾರದೋ ಮನೆಯ ಕರೆಂಟು!

ಇಲ್ಲಿ ಬಿಲ್ಲೆಗಳ ಸಂಭ್ರಮ ಇಲ್ಲ. ಸಣ್ಣ ತಪ್ಪು, ತಪ್ಪು, ಮಹಾ ತಪ್ಪು, ಇಷ್ಟೇ ವರ್ಗ. ಹೊಗಳಿಕೆಯ ಸುದ್ದಿಯೇ ಇಲ್ಲ. ಆದರೆ "ತಪ್ಪುಗಳಿಂದ ಕಲಿಯಿರಿ" ಎಂಬ ಒಂದು ಗುಂಡಿಯಿದೆ, ನನ್ನನ್ನು ಹಿಡಿದು ನಿಲ್ಲಿಸಿದ್ದು ಅದು. ಒತ್ತಿದರೆ ಎಡವಿದ ಜಾಗಕ್ಕೆ ಕರೆದೊಯ್ದು, ಉತ್ತರ ಮುಚ್ಚಿಟ್ಟು, ಬೇರೆ ನಡೆ ಹುಡುಕು ಅನ್ನುತ್ತದೆ. ಇಂಜಿನ್ನಿನ ಮನಸ್ಸಿನಲ್ಲಿದ್ದ ನಡೆಯೇ ಆಗಬೇಕಿಲ್ಲ, ಬೇರೊಂದು ಒಳ್ಳೆ ನಡೆ ಸಿಕ್ಕರೂ ಒಪ್ಪುತ್ತದೆ. ಫ್ರೈಡ್ ಲಿವರ್ ಜಾಗಕ್ಕೆ ಹೀಗೆ ಮೂರು ಸಲ ಕರೆದೊಯ್ದಿತು. ಮೊದಲೆರಡು ಸಲ ಸೋತು ಉತ್ತರ ನೋಡಿದೆ: ಡಿ5ರಲ್ಲಿ ತಿರುಗಿ ಹೊಡೆಯುವ ಬದಲು ಇನ್ನೊಂದು ಕುದುರೆಯನ್ನು ಎ5ಕ್ಕೆ ಹಾರಿಸಿ ಒಂಟೆಯನ್ನು ಕೆಣಕಬೇಕು. ಕುದುರೆಯನ್ನು ಅಂಚಿಗೆ ಕಟ್ಟಬೇಡ ಅಂತ ಅಜ್ಜ ಹೇಳುತ್ತಿದ್ದದ್ದು ತಲೆಯಲ್ಲಿ ಕೂತಿತ್ತು, ಅದಕ್ಕೇ ಕಣ್ಣಿಗೇ ಬಿದ್ದಿರಲಿಲ್ಲ. ಒಂಟೆ ಬಿ5ಕ್ಕೆ ಹೋಗಿ ಚೆಕ್ ಕೊಡುತ್ತದೆ, ಸಿ6 ತಳ್ಳಿದರೆ ಸೈನಿಕರ ವಿನಿಮಯ, ಆಮೇಲೆ ಕರಿಗೆ ಒಬ್ಬ ಸೈನಿಕ ಕಮ್ಮಿ. ಆದರೆ ಬಿಳಿಯ ಒಂಟೆ ಮತ್ತೆ ಹಿಂದೆ ಸರಿಯಬೇಕು, ಜಿ5ರ ಕುದುರೆಯನ್ನೂ ಓಡಿಸಬಹುದು, ಅಷ್ಟರಲ್ಲಿ ಕರಿ ಕಾಯಿಗಳೆಲ್ಲ ಹೊರಗೆ ಬಂದಿರುತ್ತವೆ. ಮೂರನೇ ಸಲ ನಾನೇ ಎ5 ಒತ್ತಿದೆ. ಅದಾದ ಮೇಲೆ ಆ ಬಲೆಗೆ ಬಿದ್ದಿಲ್ಲ. ಬೇರೆ ಬಲೆಗಳಿಗೆ ಬಿದ್ದಿದ್ದೇನೆ, ಅದು ಬೇರೆ ಮಾತು.

ಲಿಚೆಸ್‌ನ ಇನ್ನೊಂದು ಸೌಲಭ್ಯ ಟೇಬಲ್‌ಬೇಸ್. ಹಲಗೆಯ ಮೇಲೆ ಏಳು ಕಾಯಿ ಅಥವಾ ಅದಕ್ಕಿಂತ ಕಡಿಮೆ ಉಳಿದರೆ ಅಂದಾಜು ಮುಗಿದು ಲೆಕ್ಕ ಶುರು: ಈ ನಡೆ ಗೆಲುವು, ಇದು ಡ್ರಾ, ಇದು ಸೋಲು. ಒಂದು ರಾತ್ರಿ ಎದುರಾಳಿಯ ಬಳಿ ಆನೆ, ಒಬ್ಬ ಸೈನಿಕ. ನನ್ನ ಬಳಿ ಬರೀ ಆನೆ. ನನ್ನ ರಾಜ ಸೈನಿಕನ ದಾರಿಗೆ ಅಡ್ಡ ನಿಂತಿದ್ದಾನೆ. ಇಂಥಲ್ಲಿ ಆನೆಯನ್ನು ಆರನೇ ಸಾಲಿನಲ್ಲೇ ಬೇಲಿಯ ಹಾಗೆ ಇಟ್ಟುಕೊಂಡು, ಸೈನಿಕ ಆ ಸಾಲಿಗೆ ಕಾಲಿಟ್ಟ ಕ್ಷಣ ದೂರ ಹೋಗಿ ಹಿಂದಿನಿಂದ ಚೆಕ್ ಕೊಡುತ್ತಾ ಕೂತರೆ ಡ್ರಾ. ಫಿಲಿಡೋರ್ ಎಂಬ ಫ್ರೆಂಚ್ ಆಟಗಾರ ಹದಿನೆಂಟನೇ ಶತಮಾನದಲ್ಲೇ ಹೇಳಿಟ್ಟ ಉಪಾಯ. ನನಗೆ ಹೆದರಿಕೆಯಾಗಿ ಆನೆಯನ್ನು ರಾಜನ ಪಕ್ಕಕ್ಕೆ, ಎಂಟನೇ ಸಾಲಿಗೆ ಕರೆಸಿಕೊಂಡೆ. ಅವನ ರಾಜ ಬೇಲಿಯಿಲ್ಲದ ಹೊಲಕ್ಕೆ ದನ ನುಗ್ಗಿದ ಹಾಗೆ ಒಳಗೆ ಬಂದ. ಆಟ ಮುಗಿದ ಮೇಲೆ ಟೇಬಲ್‌ಬೇಸ್ ತೆರೆದರೆ, ಡ್ರಾ ಡ್ರಾ ಡ್ರಾ ಎಂದು ಬರುತ್ತಿದ್ದದ್ದು ಸೋಲಿಗೆ ತಿರುಗಿದ ಜಾಗ ಕಾಣಿಸಿತು. ಯಾಕೆ ಅಂತ ಅದು ಹೇಳಲಿಲ್ಲ, ಹೇಳುವುದೂ ಇಲ್ಲ. ಯಾಕೆ ಅನ್ನೋದಕ್ಕೆ ಅದೇ ಜಾಗವನ್ನು ಮರದ ಹಲಗೆಯ ಮೇಲೆ ಜೋಡಿಸಿಕೊಂಡು ಅರ್ಧ ಗಂಟೆ ಕೂತೆ.

ಇಷ್ಟೊತ್ತೂ ಆಟ ಮುಗಿದ ಮೇಲಿನ ಕಥೆ. ಆಟದ ನಡುವೆ ಇಂಜಿನ್ ಕೇಳೋದು ಎರಡು ಕಡೆಯೂ ನಿಷಿದ್ಧ. 2021ರ ಜೂನಿನಲ್ಲಿ ಕೋವಿಡ್ ನಿಧಿಗಾಗಿ ವಿಶ್ವನಾಥನ್ ಆನಂದ್ ಹಲವರ ಜೊತೆ ಒಟ್ಟಿಗೆ ಆನ್‌ಲೈನ್ ಆಡಿದಾಗ, ಬೆಂಗಳೂರಿನ ಉದ್ಯಮಿಯೊಬ್ಬರು ಕಂಪ್ಯೂಟರ್ ನೆರವಿನಿಂದ ಗೆದ್ದು ಆಮೇಲೆ ಒಪ್ಪಿಕೊಂಡು ಕ್ಷಮೆ ಕೇಳಿದ್ದು ನೆನಪಿರಬಹುದು. ಆಗ ನಾನೂ ನಕ್ಕಿದ್ದೆ. ಒಂದೂವರೆ ವರ್ಷದ ಮೇಲೆ, ಒಂದೊಂದು ನಡೆಗೆ ಮೂರು ದಿನ ಸಮಯವಿರುವ ಆಟವೊಂದರಲ್ಲಿ ನಾನೇ ಹೊಸ ಹಲಗೆ ತೆರೆದು, ನಡೆಯುತ್ತಿದ್ದ ಆಟದ ಕಾಯಿಗಳನ್ನು ಒಂದೊಂದಾಗಿ ಜೋಡಿಸಿ, ಇಂಜಿನ್ನಿನ ಗುಂಡಿಯ ಮೇಲೆ ಬೆರಳಿಟ್ಟಿದ್ದೆ. ಇಂಥ ನಿಧಾನದ ಆಟಗಳಲ್ಲಿ ಓಪನಿಂಗ್ ಪುಸ್ತಕ ನೋಡಬಹುದು, ಇಂಜಿನ್ ಕೂಡದು. ನಿಯಮ ಚೆನ್ನಾಗಿಯೇ ಗೊತ್ತಿತ್ತು. ಒತ್ತಲಿಲ್ಲ. ಆದರೆ ಆ ಹಲಗೆ ಜೋಡಿಸಿದ್ದು ನಾನೇ ತಾನೇ? ಆ ಆಟವನ್ನು ಅಲ್ಲಿಗೇ ಬಿಟ್ಟುಕೊಟ್ಟೆ.

ಇನ್ನು ಮಾಯಾ. 2020ರಲ್ಲಿ ಟೊರಾಂಟೊ, ಕಾರ್ನೆಲ್ ವಿಶ್ವವಿದ್ಯಾಲಯಗಳು ಮತ್ತು ಮೈಕ್ರೋಸಾಫ್ಟ್‌ನ ಸಂಶೋಧಕರು ಲಿಚೆಸ್‌ನ ಕೋಟ್ಯಂತರ ಆಟಗಳಿಂದ ತರಬೇತಿ ಕೊಟ್ಟು ಮಾಡಿದ್ದು. ಅದರ ಕೆಲಸ ಅತ್ಯುತ್ತಮ ನಡೆ ಹುಡುಕೋದಲ್ಲ. 1100 ರೇಟಿಂಗ್‌ನವನು, 1500ನವನು, 1900ನವನು ಇಲ್ಲಿ ಏನು ಆಡಬಹುದು ಅಂತ ಊಹಿಸೋದು. ಸ್ಟಾಕ್‌ಫಿಶ್‌ನ ಬಲ ಕುಗ್ಗಿಸಿ ಆಡಿದರೆ ಹತ್ತು ನಡೆ ದೇವರ ಹಾಗೆ ಆಡಿ, ಹನ್ನೊಂದನೆಯದಕ್ಕೆ ಮಂತ್ರಿಯನ್ನು ಸುಮ್ಮನೆ ಕೈಗಿಟ್ಟುಬಿಡುತ್ತದೆ. ಮಾಯಾ ಹಾಗಲ್ಲ, ನಮ್ಮ ಹಾಗೇ ಎಡವುತ್ತದೆ. ದುರಾಸೆಗೆ ಸೈನಿಕನನ್ನು ತಿನ್ನುತ್ತದೆ, ಮೂಲೆಯಲ್ಲಿರುವ ಒಂಟೆಯನ್ನು ಮರೆಯುತ್ತದೆ. ಅದರೆದುರು ಆಡಿ ನನಗೆ ತಿಳಿದದ್ದು ನನ್ನ ಎದುರಾಳಿಗಳ ಬುದ್ಧಿ. ವಿವರಣೆ ಏನೂ ಕೊಡುವುದಿಲ್ಲ, ಸೋತರೂ ರೇಟಿಂಗ್‌ನ ಗೋಜಿಲ್ಲದೆ ಆಡಬಹುದು. ಮಳೆ ಹಿಡಿದ ಸಂಜೆಗಳಿಗೆ ಒಳ್ಳೆಯ ಜೊತೆಗಾರ, ಗುರು ಅನ್ನಲಾರೆ.

ಈಗಿನ ವ್ಯವಸ್ಥೆ ಹೀಗಿದೆ. ಸದಸ್ಯತ್ವ ಮುಂದುವರಿಸಿಲ್ಲ. ಅಕ್ಕನ ಮಗನಿಗೆ ಮಾತ್ರ ಗೇಮ್ ರಿವ್ಯೂನೇ ಶುರುಮಾಡಿಸಿದ್ದೇನೆ, ಕೋಚ್ ಹೇಳಿದ್ದನ್ನು ಗಟ್ಟಿಯಾಗಿ ಓದಿಕೊಂಡು ಆಡುತ್ತಾನೆ. ನಾನು ಲಿಚೆಸ್‌ನಲ್ಲೇ ಆಡಿ, ಇಂಜಿನ್ ತೆರೆಯುವ ಮೊದಲು ಎಲ್ಲಿ ಎಡವಿದೆ ಅಂತ ನನ್ನ ಊಹೆಯನ್ನು ಒಂದು ನೋಟ್‌ಬುಕ್‌ನಲ್ಲಿ ಒಂದು ಸಾಲು ಬರೆದು, ಆಮೇಲೆ ಗುಂಡಿ ಒತ್ತುತ್ತೇನೆ. ಊಹೆ ಸರಿಯಾಗೋದು ಮೂರಕ್ಕೊಂದು ಸಲ. ರೇಟಿಂಗ್ 1500ರ ಆಚೀಚೆ ಇದ್ದದ್ದು ಈಗ 1700 ಮುಟ್ಟಿ ಇಳಿಯುತ್ತಿದೆ.

ಮೊನ್ನೆ ಹುಡುಗ ಆ ಪುಸ್ತಕ ತಿರುವಿ ಹಾಕಿ ಕೇಳಿದ: "ಮಾಮ, 'ಆನೆ ಆರನೇ ಸಾಲು ಬಿಟ್ಟಿತು' ಅಂತ ಮೂರು ಕಡೆ ಬರ್ದಿದೀಯಲ್ಲ?" ನಾಲ್ಕು ಕಡೆ ಇದೆ. ಒಂದನ್ನು ಅವನು ಗಮನಿಸಿಲ್ಲ.