ಕೂಪನ್, ಕ್ಯಾಶ್‌ಬ್ಯಾಕ್, ಕಾರ್ಡ್, ಬೆಲೆಯ ಗ್ರಾಫ್: ಯಾವುದರಿಂದ ಎಷ್ಟು ಉಳಿತಾಯ?

ಆನ್‌ಲೈನ್ ಖರೀದಿಯಲ್ಲಿ ಬೆಲೆ ಇಳಿಸಿಕೊಳ್ಳಲು ಮುಖ್ಯವಾಗಿ ನಾಲ್ಕು ದಾರಿಗಳಿವೆ: ಗ್ರಾಬ್‌ಆನ್‌ನಂತಹ ಕೂಪನ್ ತಾಣಗಳು, ಕ್ಯಾಶ್‌ಕರೋದಂತಹ ಕ್ಯಾಶ್‌ಬ್ಯಾಕ್ ತಾಣಗಳು, ಬ್ಯಾಂಕ್ ಕಾರ್ಡ್‌ಗಳ ಕೊಡುಗೆಗಳು ಮತ್ತು ಕೀಪಾದಂತಹ, ಬೆಲೆಯ ಏರಿಳಿತವನ್ನು ಗ್ರಾಫ್‌ನಲ್ಲಿ ತೋರಿಸುವ ಸಾಧನಗಳು. ಮನೆಗೆ ಬೇಕಾದ ವಸ್ತುಗಳನ್ನು ಕೊಳ್ಳುವಾಗ ಈ ನಾಲ್ಕನ್ನೂ ಬಳಸಿ ಹೋಲಿಸಿದ್ದೇನೆ. ತಾನಾಗಿ ಒಂದು ಪೈಸೆಯ ರಿಯಾಯಿತಿಯನ್ನೂ ಕೊಡದ ಬೆಲೆಯ ಗ್ರಾಫ್‌ನಿಂದಲೇ ನನಗೆ ಹೆಚ್ಚು ಹಣ ಉಳಿದಿದೆ.

ಇದಕ್ಕೆ ಕಾರಣ ಸರಳ. ‘ಶೇ. 60 ರಿಯಾಯಿತಿ’ ಎಂಬ ಲೆಕ್ಕವನ್ನು ಸಾಮಾನ್ಯವಾಗಿ ಎಂಆರ್‌ಪಿಯ ಮೇಲೆ ಹಾಕಿರುತ್ತಾರೆ. ಆದರೆ ಮಿಕ್ಸರ್, ಬ್ಲೂಟೂತ್ ಸ್ಪೀಕರ್‌ಗಳಂತಹ ಎಷ್ಟೋ ವಸ್ತುಗಳು ವರ್ಷದ ಯಾವ ದಿನವೂ ಎಂಆರ್‌ಪಿಗೆ ಮಾರಾಟವಾಗುವುದಿಲ್ಲ. ಗ್ರಾಫ್ ತೆರೆದರೆ ಆ ವಸ್ತು ಕಳೆದ ಕೆಲವು ತಿಂಗಳಲ್ಲಿ ಯಾವ ಬೆಲೆಗೆ ಸಿಗುತ್ತಿತ್ತು, ಹಬ್ಬದ ಮಾರಾಟಕ್ಕೆ ಮುನ್ನ ಬೆಲೆ ಏರಿತ್ತೇ ಎಂಬುದು ಕಾಣುತ್ತದೆ. ಕೀಪಾ ಅಮೆಜಾನ್‌ಗೆ ಸೀಮಿತವಾಗಿದೆ. ಫ್ಲಿಪ್‌ಕಾರ್ಟ್‌ನ ಬೆಲೆಗಳಿಗೆ ಬೈಹಟ್ಕೆಯಂತಹ ಬೇರೆ ಸಾಧನ ಬೇಕು.

ಕಾರ್ಡ್ ಕೊಡುಗೆಗಳಲ್ಲಿ ಲೆಕ್ಕಾಚಾರಕ್ಕೆ ಹೆಚ್ಚು ಅವಕಾಶವಿದೆ. ‘ಶೇ. 10 ತಕ್ಷಣದ ರಿಯಾಯಿತಿ, ಗರಿಷ್ಠ 1,500 ರೂಪಾಯಿ’ ಎಂಬ ಮಾದರಿಯ ಕೊಡುಗೆಯನ್ನು ತೆಗೆದುಕೊಳ್ಳೋಣ. 8,000 ರೂಪಾಯಿಯ ವಸ್ತುವಿಗೆ ಅದು ಪೂರ್ತಿ 800 ರೂಪಾಯಿ ಕೊಡುತ್ತದೆ. 40,000 ರೂಪಾಯಿಯ ವಾಷಿಂಗ್ ಮೆಷಿನ್‌ಗೆ ಅದೇ ಕೊಡುಗೆ ಶೇ. 3.75ಕ್ಕೆ ಇಳಿಯುತ್ತದೆ. ಮಿತಿಯಿಲ್ಲದೆ ಶೇ. 5 ಮರಳಿಸುವ ಕಾರ್ಡ್ ಇದ್ದರೆ ಅದೇ ವಾಷಿಂಗ್ ಮೆಷಿನ್ ಮೇಲೆ 2,000 ರೂಪಾಯಿ ಬರುತ್ತದೆ. ಹೀಗಾಗಿ 30,000 ರೂಪಾಯಿಯೊಳಗಿನ ಖರೀದಿಗೆ ಮೊದಲನೆಯದು, ಅದಕ್ಕಿಂತ ದೊಡ್ಡ ಖರೀದಿಗೆ ಎರಡನೆಯದು ಲಾಭಕರ. ಅಮೆಜಾನ್ ಪೇ ಐಸಿಐಸಿಐ ಕಾರ್ಡ್ ಅಮೆಜಾನ್ ಖರೀದಿಗಳ ಮೇಲೆ ಪ್ರೈಮ್ ಸದಸ್ಯರಿಗೆ ಶೇ. 5, ಇತರರಿಗೆ ಶೇ. 3 ಕೊಡುತ್ತದೆ, ಆದರೆ ಇಎಂಐ ಮಾಡಿಸಿದ ಖರೀದಿಗೆ ಈ ಲಾಭವಿಲ್ಲ.

ಇಎಂಐ ವಿಷಯ ಬಂದದ್ದರಿಂದ ಇನ್ನೊಂದು ಮಾತು: ‘ನೋ ಕಾಸ್ಟ್’ ಎಂದು ಕರೆಯುವ ಇಎಂಐನಲ್ಲಿ ಬಡ್ಡಿಯ ಮೊತ್ತವನ್ನು ರಿಯಾಯಿತಿಯಾಗಿ ಕಳೆಯುತ್ತಾರೆ, ಆದರೆ ಆ ಬಡ್ಡಿಯ ಮೇಲಿನ ಶೇ. 18 ಜಿಎಸ್‌ಟಿ ನಮ್ಮ ಪಾಲಿಗೇ ಬರುತ್ತದೆ. ಬಡ್ಡಿ 1,000 ರೂಪಾಯಿಯಾದರೆ ತೆರಿಗೆ 180 ರೂಪಾಯಿ, ಜೊತೆಗೆ ಹಲವು ಬ್ಯಾಂಕುಗಳ ಸಂಸ್ಕರಣಾ ಶುಲ್ಕ.

ಕ್ಯಾಶ್‌ಬ್ಯಾಕ್ ತಾಣಗಳು ಕೆಲಸ ಮಾಡುವುದು ಅಂಗಡಿ ಕೊಡುವ ಕಮಿಷನ್ ಮೇಲೆ: ನಾವು ಅವರ ಲಿಂಕ್ ಒತ್ತಿ ಹೋದರೆ ಅವರಿಗೆ ಬರುವ ಕಮಿಷನ್‌ನಲ್ಲಿ ಒಂದು ಪಾಲು ನಮಗೆ ಸಿಗುತ್ತದೆ. ಲಾಭ ನಿಜವೇ ಆದರೂ ವಸ್ತುವನ್ನು ಹಿಂತಿರುಗಿಸುವ ಅವಧಿ ಮುಗಿದು ಅಂಗಡಿ ಖಚಿತಪಡಿಸುವವರೆಗೆ, ಹಲವು ಬಾರಿ ತಿಂಗಳುಗಟ್ಟಲೆ, ಕಾಯಬೇಕು. ಜಾಹೀರಾತು ತಡೆಯುವ ಎಕ್ಸ್‌ಟೆನ್ಶನ್ ಚಾಲೂ ಇದ್ದರೆ, ಅಥವಾ ಮಧ್ಯೆ ಬೇರೊಂದು ತಾಣದ ಕೂಪನ್ ಹಾಕಿದರೆ, ಆ ಖರೀದಿ ಲೆಕ್ಕಕ್ಕೇ ಸಿಗದಿರಬಹುದು. ಒಂದು ತಾಣದಲ್ಲಿ ನನ್ನ ಒಂದು ಖರೀದಿ ಕೊನೆಗೂ ದಾಖಲಾಗಲಿಲ್ಲ, ದೂರಿಗೂ ಉತ್ತರ ಬರಲಿಲ್ಲ. ಹಾಗಾಗಿ ಈ ಹಣವನ್ನು ಬಂದರೆ ಬಂತು ಎಂದುಕೊಳ್ಳಬೇಕೇ ಹೊರತು ಬೆಲೆಯ ಲೆಕ್ಕದಲ್ಲಿ ಸೇರಿಸಬಾರದು.

ಕೂಪನ್ ತಾಣಗಳ ಬಗ್ಗೆ ಹೇಳುವುದು ಕಡಿಮೆ. ದೊಡ್ಡ ಅಂಗಡಿಗಳ ವಿಷಯದಲ್ಲಿ ‘ಕೋಡ್ ತೋರಿಸು’ ಗುಂಡಿ ಒತ್ತಿದರೆ ಬಹುತೇಕ ಕೋಡ್ ಇರುವುದೇ ಇಲ್ಲ. ಎಲ್ಲರಿಗೂ ಲಭ್ಯವಿರುವ ಮಾರಾಟದ ಪುಟವಷ್ಟೇ ತೆರೆದುಕೊಳ್ಳುತ್ತದೆ. ಅಮೆಜಾನ್‌ನಲ್ಲಿ ಕೂಪನ್ ಇದ್ದರೆ ವಸ್ತುವಿನ ಪುಟದಲ್ಲೇ ಟಿಕ್ ಮಾಡುವ ಚೌಕವಿರುತ್ತದೆ, ಮಿಂತ್ರಾದಲ್ಲಿ ಕಾರ್ಟ್‌ನಲ್ಲೇ ಕಾಣುತ್ತದೆ. ಕೋಡ್‌ಗೆ ನಿಜವಾಗಿ ಬೆಲೆಯಿರುವುದು ಸ್ವಂತ ಜಾಲತಾಣವುಳ್ಳ ಸಣ್ಣ ಬ್ರ್ಯಾಂಡ್‌ಗಳಲ್ಲಿ. ಅಲ್ಲಿ ಇಮೇಲ್ ಕೊಟ್ಟರೆ ಮೊದಲ ಖರೀದಿಗೆ ರಿಯಾಯಿತಿ ಸಿಗುವುದುಂಟು.

ಬಟ್ಟೆ, ಚಪ್ಪಲಿಗಳಂತಹ ವಾಪಸ್ ಕಳಿಸುವ ಸಾಧ್ಯತೆ ಹೆಚ್ಚಿರುವ ವಸ್ತುಗಳಿಗೆ ಮಾತ್ರ ಈ ಇಡೀ ಲೆಕ್ಕ ಸಡಿಲವಾಗುತ್ತದೆ. ಕೊಡುಗೆ ಸಿಗಲು ಬೇಕಾದ ಕನಿಷ್ಠ ಮೊತ್ತ ಮುಟ್ಟಿಸಲೆಂದು ಎರಡು ಜೊತೆ ಸೇರಿಸಿ ಒಂದನ್ನು ವಾಪಸ್ ಕಳಿಸಿದರೆ, ಅದರ ಪಾಲಿನ ರಿಯಾಯಿತಿಯನ್ನು ಕಳೆದೇ ಹಣ ಮರಳಿಸುತ್ತಾರೆ.