ಟ್ರಾಲ್ ಬೋಟಿನ 24 ವೋಲ್ಟ್ ವಯರಿಂಗ್: ಫ್ಯೂಸ್ ಬಾಕ್ಸ್ ಬಿಟ್ಟು ಬ್ರೇಕರ್ ಪ್ಯಾನೆಲ್‌ಗೆ ಹೋದ ಮೇಲೆ

ಬ್ರೇಕರ್ ಎಂದರೆ ಕರೆಂಟು ಮಿತಿ ಮೀರಿದಾಗ ತಾನೇ ಕಡಿದು, ಆಮೇಲೆ ಮತ್ತೆ ಆನ್ ಮಾಡಬಹುದಾದ ಸ್ವಿಚ್. ವೀಲ್‌ಹೌಸಿನ (ಬೋಟು ನಡೆಸುವ ಕೋಣೆಯ) ಡಿಸಿ, ಅಂದರೆ ಬ್ಯಾಟರಿ ಕರೆಂಟಿನ, ಬ್ರೇಕರ್ ಪ್ಯಾನೆಲ್‌ಗೆ ಐದರಲ್ಲಿ ನಾಲ್ಕು ಅಂಕ. ಬ್ಯಾಟರಿಯ ಟರ್ಮಿನಲ್ ಮೇಲೆಯೇ ಕೂರುವ ಟರ್ಮಿನಲ್ ಫ್ಯೂಸ್‌ಗೆ ಐದಕ್ಕೆ ಐದು. ಇಂಜಿನ್ ರೂಮಿನಲ್ಲಿ ಹಾಕಿದ್ದ ಕೆಂಪು ಗುಂಡಿಯ ಅಗ್ಗದ ಬ್ರೇಕರ್‌ಗೆ ಒಂದೇ ಒಂದು, ಅದೂ ಒಲ್ಲದ ಮನಸ್ಸಿನಿಂದ.

ಇದು ಮಲ್ಪೆ ಕಡೆಯ ಸಾಧಾರಣ ಟ್ರಾಲ್ ಬೋಟಿನ (ಬಲೆ ಎಳೆದು ಮೀನು ಹಿಡಿಯುವ ಬೋಟಿನ) ಲೆಕ್ಕ. 12 ವೋಲ್ಟಿನ ಎರಡು 180 ಎಎಚ್ (ಆಂಪ್-ಅವರ್) ಬ್ಯಾಟರಿ ಸೀರೀಸ್‌ನಲ್ಲಿ (ಒಂದರ ಹಿಂದೊಂದು) ಕೆಳಗೆ ಇಂಜಿನ್ ರೂಮಿನಲ್ಲಿ, ಅಲ್ಲಿಂದ ಸುಮಾರು 8 ಮೀಟರ್ ವಯರು ವೀಲ್‌ಹೌಸಿಗೆ. ಮೇಲೆ ಜಿಪಿಎಸ್, ಫಿಶ್ ಫೈಂಡರ್, ಕನ್ವರ್ಟರ್ ಮೂಲಕ ಓಡುವ 12 ವೋಲ್ಟಿನ ವಿಎಚ್‌ಎಫ್ (ಮಾತಾಡುವ ರೇಡಿಯೋ), ಎಐಎಸ್ (ಬೋಟಿನ ಗುರುತು, ಜಾಗ ತಿಳಿಸುವ ಯಂತ್ರ), ಸಂಚಾರ ದೀಪಗಳು (ರಾತ್ರಿ ಇತರರಿಗೆ ಬೋಟು ತೋರಿಸುವ ದೀಪಗಳು), ಡೆಕ್ಕಿನ ಎಲ್‌ಇಡಿಗಳು. ಕೆಳಗೆ ಬಿಲ್ಜ್ ಪಂಪು (ಬೋಟಿನ ತಳದಲ್ಲಿ ಸೇರುವ ನೀರು ಹೊರಹಾಕುವ ಪಂಪು). ಹಲವು ಮೀನುಗಾರಿಕೆ ಹಂಗಾಮುಗಳ ಬಳಕೆಯ ನಂತರ ಬರೆಯುತ್ತಿದ್ದೇನೆ.

ಹಳೆಯ ಬ್ಲೇಡ್ ಫ್ಯೂಸ್ ಬಾಕ್ಸಿನ ಮೇಲೆ ಸಿಟ್ಟು ಬಂದದ್ದು ಫ್ಯೂಸ್ ಹೋಗುತ್ತಿತ್ತು ಎಂದಲ್ಲ. ಫ್ಯೂಸ್ ಹೋಗದೆಯೇ ದೀಪ ಮಂಕಾಗುತ್ತಿತ್ತು, ಅದಕ್ಕೆ. ಉಪ್ಪುಗಾಳಿಗೆ ಬಾಕ್ಸಿನೊಳಗಿನ ಹಿತ್ತಾಳೆ ಕ್ಲಿಪ್ಪಿಗೆ ಹಸಿರು ಕಿಲುಬು ಹಿಡಿಯುತ್ತದೆ. ಕಿಲುಬಿನ ಜಾಗದಲ್ಲಿ ರೆಸಿಸ್ಟೆನ್ಸ್ ಏರುತ್ತದೆ, ಬಿಸಿ ಹುಟ್ಟುತ್ತದೆ, ಬಿಸಿಗೆ ಕ್ಲಿಪ್ಪಿನ ಬಿಗಿ ಸಡಿಲವಾಗುತ್ತದೆ, ಸಡಿಲವಾದಷ್ಟೂ ಮತ್ತೆ ಬಿಸಿ. ಕೊನೆಗೆ ಪ್ಲಾಸ್ಟಿಕ್ ಕರಗುತ್ತದೆ, ಫ್ಯೂಸಿನೊಳಗಿನ ತಂತಿ ಮಾತ್ರ ಹಾಗೇ ಇರುತ್ತದೆ. ಕರೆಂಟು ಮಿತಿಯೊಳಗೇ ಇರುವುದರಿಂದ ಫ್ಯೂಸ್‌ಗೆ ಇದರ ಸುಳಿವೇ ಸಿಗುವುದಿಲ್ಲ.

ಇದನ್ನು ಮೊದಲೇ ಹಿಡಿಯಲು ಬೇಕಾದದ್ದು ಒಂದು ಮಲ್ಟಿಮೀಟರ್. ಬ್ಲೇಡ್ ಫ್ಯೂಸಿನ ತಲೆಯ ಮೇಲೆ ಎರಡು ಪುಟ್ಟ ಲೋಹದ ಕಿಂಡಿಗಳಿರುತ್ತವೆ. ಲೋಡ್ ಓಡುತ್ತಿರುವಾಗ ಮೀಟರನ್ನು ಮಿಲಿವೋಲ್ಟಿಗೆ ತಿರುಗಿಸಿ ಎರಡು ಮೊನೆಗಳನ್ನೂ ಅಲ್ಲಿ ಊರಬೇಕು. 10 ಆಂಪ್ ಫ್ಯೂಸಿನ ರೆಸಿಸ್ಟೆನ್ಸ್ ಸುಮಾರು 7–8 ಮಿಲಿಓಮ್. 5 ಆಂಪ್ ಹರಿಯುತ್ತಿದ್ದರೆ 40 ಮಿಲಿವೋಲ್ಟಿನ ಆಸುಪಾಸು ತೋರಿಸಬೇಕು. ಆಮೇಲೆ ಅದೇ ಮೊನೆಗಳನ್ನು ಹೋಲ್ಡರಿನ ಒಳಬರುವ ಮತ್ತು ಹೊರಹೋಗುವ ಸ್ಕ್ರೂಗಳಿಗೆ ಮುಟ್ಟಿಸಿ. ಎರಡನೆಯ ಅಂಕೆ ಮೊದಲನೆಯದಕ್ಕಿಂತ ಸ್ವಲ್ಪವೇ ಹೆಚ್ಚಿದ್ದರೆ ಕ್ಲಿಪ್ ಚೆನ್ನಾಗಿದೆ. 150–200 ಮಿಲಿವೋಲ್ಟ್ ಬಂತೋ, ಕಳ್ಳ ಸಿಕ್ಕಿದ: ಫ್ಯೂಸ್ ತೆಗೆದು ಕ್ಲಿಪ್ಪನ್ನು ಪಾಲಿಶ್ ಪೇಪರಿನಿಂದ ಉಜ್ಜಿ, ಇಕ್ಕಳದಲ್ಲಿ ತುಸು ಬಿಗಿ ಮಾಡಿ, ಸಿಲಿಕಾನ್ ಗ್ರೀಸ್ ತೆಳ್ಳಗೆ ಸವರಿ ಹಾಕಬೇಕು. ಪ್ಲಾಸ್ಟಿಕ್ ಕಂದಿದ್ದರೆ ಉಜ್ಜುವ ಶ್ರಮವೇ ಬೇಡ, ಹೋಲ್ಡರ್ ಬದಲಿಸಿ.

ಬ್ರೇಕರ್ ಪ್ಯಾನೆಲ್ ನಿಜವಾಗಿ ಸುಖ ಕೊಟ್ಟದ್ದು ಇಲ್ಲೇ. ಫ್ಯೂಸ್ ಜೊತೆ ಬೇರೆ ಸ್ವಿಚ್ ಇದ್ದರೆ ಒಂದು ಸರ್ಕಿಟ್ಟಿಗೆ ಹೋಲ್ಡರಿನ ಎರಡು ಸ್ಕ್ರೂ, ಎರಡು ಕ್ಲಿಪ್, ಸ್ವಿಚ್ಚಿನ ಎರಡು ಟರ್ಮಿನಲ್, ಒಟ್ಟು ಆರು ಜೋಡಣೆ. ಬ್ರೇಕರೇ ಸ್ವಿಚ್ ಆದಾಗ ಹಿಂದೆ ಎರಡೇ ಸ್ಕ್ರೂ. ಕಿಲುಬಿಗೆ ನಾಲ್ಕು ಜಾಗ ಕಡಿಮೆ. ಹತ್ತು ಸರ್ಕಿಟ್ಟಿನ ಪ್ಯಾನೆಲ್‌ನಲ್ಲಿ ನಲವತ್ತು! ಸಂಜೆ ಹೊತ್ತಿಗೆ ತಾಂಡೇಲರು (ಬೋಟು ನಡೆಸುವವರು) ಸ್ಟೀರಿಂಗ್ ಬಿಡದೆ, ಪ್ಯಾನೆಲ್ ನೋಡದೆ, ಬೆರಳಲ್ಲೇ ಎಣಿಸಿ ಟಾಗಲ್ ಎತ್ತುತ್ತಾರೆ: ಎಡದಿಂದ ಮೊದಲನೆಯದು ಸಂಚಾರ ದೀಪ, ಎರಡನೆಯದು ಬಲೆ ಎಳೆಯುವಾಗಿನ ಹಸಿರು-ಬಿಳಿ ಜೋಡಿ, ಮೂರನೆಯದು ಡೆಕ್ಕಿನ ಬೆಳಕು. ಸಂಚಾರ ದೀಪ ಮತ್ತು ಹಸಿರು-ಬಿಳಿ ದೀಪವನ್ನು ಒಂದೇ ಬ್ರೇಕರಿಗೆ ಕಟ್ಟಬೇಡಿ. ಟ್ರಾಲ್ ಎಳೆಯದೆ ಬರಿದೇ ಓಡುವಾಗ ಹಸಿರು-ಬಿಳಿ ಉರಿಯಕೂಡದು, ಇನ್ನೊಂದು ಬೋಟಿಗೆ ತಪ್ಪು ಸಂದೇಶ ಹೋಗುತ್ತದೆ. ಟ್ರಿಪ್ ಆದ (ತಾನೇ ಕಡಿದುಕೊಂಡ) ಟಾಗಲ್ ಕತ್ತಲಲ್ಲೂ ಕೈಗೆ ತಿಳಿಯುತ್ತದೆ. ಟಾರ್ಚ್ ಕಚ್ಚಿಕೊಂಡು 7.5 ಆಂಪಿನ ಕಂದು ಫ್ಯೂಸ್ ಹುಡುಕುವ ಪಾಡಿಲ್ಲ.

ಪ್ಯಾನೆಲ್‌ಗೆ ಮ್ಯಾಗ್ನೆಟಿಕ್-ಹೈಡ್ರಾಲಿಕ್ ಜಾತಿಯ ಬ್ರೇಕರನ್ನೇ ಆರಿಸಿದ್ದು; ಅದು ಬಿಡುವುದು (ಕಡಿಯುವುದು) ಬಿಸಿಗಲ್ಲ, ಕರೆಂಟಿನ ಅಯಸ್ಕಾಂತ ಬಲಕ್ಕೆ. ಥರ್ಮಲ್ ಬ್ರೇಕರ್ ಒಳಗಿನ ಲೋಹದ ಪಟ್ಟಿ ಬಿಸಿಯಾಗಿ ಬಾಗಿದಾಗ ಬಿಡುತ್ತದೆ, ಹಾಗಾಗಿ ಸುತ್ತಲಿನ ಸೆಕೆಯೂ ಅದರ ಲೆಕ್ಕಕ್ಕೆ ಸೇರುತ್ತದೆ. ಏಪ್ರಿಲ್-ಮೇ ಮಧ್ಯಾಹ್ನದ ವೀಲ್‌ಹೌಸ್ ಹೇಗಿರುತ್ತದೆಂದು ಹೋದವರಿಗೆ ಗೊತ್ತು.

ಆಂಪಿನ ಲೆಕ್ಕದಲ್ಲಿ ಎಡವುವವರು ಬಹಳ. ಫ್ಯೂಸಾಗಲಿ ಬ್ರೇಕರಾಗಲಿ ಕಾಯುವುದು ವಯರನ್ನು. ನಾವು ಇಟ್ಟುಕೊಂಡಿರುವುದು 1.5 ಚದರ ಮಿಮೀ ವಯರಿಗೆ 10 ಆಂಪ್, 2.5ಕ್ಕೆ 15 ಆಂಪ್. ಉಪಕರಣದ ಕಂಪನಿ ಇನ್ನೂ ಕಡಿಮೆ ಹೇಳಿದ್ದರೆ ಅದೇ ಅಂತಿಮ. 25 ವ್ಯಾಟಿನ ವಿಎಚ್‌ಎಫ್ ಮಾತಾಡುವಾಗ 5–6 ಆಂಪ್ ಎಳೆಯುತ್ತದೆ. ಅದರ ವಯರಿನಲ್ಲೇ ಬರುವ ಫ್ಯೂಸನ್ನು ಕತ್ತರಿಸಿ ಬಿಸಾಡಬೇಡಿ, ಬ್ರೇಕರ್ ಇದ್ದರೂ ಇರಲಿ. ಡೆಕ್ಕಿಗೆ 50 ವ್ಯಾಟಿನ ನಾಲ್ಕು ಎಲ್‌ಇಡಿ ಎಂದರೆ 24 ವೋಲ್ಟಿನಲ್ಲಿ 8.3 ಆಂಪ್, 2.5 ಚದರ ಮಿಮೀ ವಯರು 8 ಮೀಟರ್ ಹೋಗಿ ಬರುವಷ್ಟರಲ್ಲಿ 0.9 ವೋಲ್ಟ್ ತಿನ್ನುತ್ತದೆ. ಅದನ್ನು ಒಪ್ಪಬಹುದು. ಅದೇ ಲೋಡ್ 12 ವೋಲ್ಟಿನ ಬೋಟಿನಲ್ಲಿದ್ದರೆ ಸುಮಾರು 1.9 ವೋಲ್ಟ್ ನಷ್ಟ, ಅದನ್ನು ಒಪ್ಪಲಾಗದು.

ಇನ್ನು ಬೇಸರದ ಮಾತು. ಬ್ಯಾಟರಿ ಪಕ್ಕದ ಮೇನ್ ಆಗಿ ಮೊದಲು ಹಾಕಿದ್ದು ಕಾರಿನ ಆಂಪ್ಲಿಫೈಯರಿಗೆ ಮಾರುವ, ಕೆಂಪು ಗುಂಡಿ ಒತ್ತಿದರೆ ಕಡಿತಗೊಳ್ಳುವ ಬ್ರೇಕರ್. ಮೈಮೇಲೆ 100 ಆಂಪ್ ಎಂದಿತ್ತು. ಇಂಜಿನ್ ಕಾದ ಮೇಲೆ ಅದಕ್ಕಿಂತ ಬಹಳ ಕಡಿಮೆಗೇ ಬಿಡುತ್ತಿತ್ತು. ರಾತ್ರಿ ಬಲೆ ಎಳೆಯುವ ಹೊತ್ತಿಗೆ ವೀಲ್‌ಹೌಸ್ ಪೂರ್ತಿ ಕತ್ತಲು. ಇಂಜಿನ್ನಿನ ನಡುಕಕ್ಕೆ ಅದರ ಬೋಲ್ಟುಗಳು ಪ್ಲಾಸ್ಟಿಕ್ಕಿನಲ್ಲೇ ತಿರುಗಲು ಶುರುವಾದವು, ಲಗ್ ಎಷ್ಟು ಬಿಗಿದರೂ ನಿಲ್ಲದು. ಎಷ್ಟು ಸಾವಿರ ಆಂಪಿನ ಶಾರ್ಟ್ ಸರ್ಕಿಟನ್ನು ಅದು ತಡೆದೀತು ಎಂಬ ಅಂಕೆ ಮೈಮೇಲಾಗಲಿ ಡಬ್ಬದ ಮೇಲಾಗಲಿ ಎಲ್ಲೂ ಇರಲಿಲ್ಲ. ಬ್ಯಾಟರಿ ಪಕ್ಕದಲ್ಲಿ ಕೇಳಬೇಕಾದ ಮೊದಲ ಅಂಕೆಯೇ ಅದು.

ಏಕೆಂದರೆ ಇಂಥ ದೊಡ್ಡ ಬ್ಯಾಟರಿಯ ಒಳ ರೆಸಿಸ್ಟೆನ್ಸ್ ನಾಲ್ಕು ಮಿಲಿಓಮ್ ಎಂದುಕೊಂಡರೂ ಶಾರ್ಟ್ ಆದಾಗ 3,000 ಆಂಪ್ ಹರಿಯುತ್ತದೆ. ಸೀರೀಸ್‌ನಲ್ಲಿ ವೋಲ್ಟೇಜೂ ದುಪ್ಪಟ್ಟು, ರೆಸಿಸ್ಟೆನ್ಸೂ ದುಪ್ಪಟ್ಟು, ಆದ್ದರಿಂದ 24 ವೋಲ್ಟಿನಲ್ಲೂ ಅಷ್ಟೇ. ಬ್ಲೇಡ್ ಫ್ಯೂಸ್ ಸಾಮಾನ್ಯವಾಗಿ 32 ವೋಲ್ಟಿನಲ್ಲಿ 1,000 ಆಂಪ್ ತನಕ ಮಾತ್ರ ಸುರಕ್ಷಿತವಾಗಿ ಕಡಿಯುತ್ತದೆ. ಬ್ಯಾಟರಿಯ ಟರ್ಮಿನಲ್ ಮೇಲೆಯೇ ಕೂರುವ ಚೌಕ ಫ್ಯೂಸ್ 32 ವೋಲ್ಟಿನಲ್ಲಿ 5,000 ಆಂಪ್, ಎಎನ್‌ಎಲ್ ಎಂಬ ಬೋಲ್ಟು ಬಿಗಿಯುವ ಫ್ಯೂಸ್ 6,000, ಕ್ಲಾಸ್ ಟಿ ಜಾತಿಯದು 20,000. ಲೆಡ್ ಆ್ಯಸಿಡ್ ಬ್ಯಾಟರಿಗೆ ಟರ್ಮಿನಲ್ ಫ್ಯೂಸ್ ಅಥವಾ ಎಎನ್‌ಎಲ್ ಸಾಕು; ಲಿಥಿಯಂ ಹಾಕುವವರು ಕ್ಲಾಸ್ ಟಿ ಬಿಟ್ಟು ಬೇರೆ ಯೋಚಿಸಬೇಡಿ. ಬ್ಯಾಟರಿಯಿಂದ ಫ್ಯೂಸ್‌ವರೆಗಿನ ವಯರಿಗೆ ಯಾವ ಕಾವಲೂ ಇಲ್ಲ, ಅದಕ್ಕೇ ಅಮೆರಿಕದ ಬೋಟು ಮಾನದಂಡ ಸಂಸ್ಥೆ ಎಬಿವೈಸಿಯ ನಿಯಮ ಆ ದೂರವನ್ನು ಮೂಲತಃ 7 ಇಂಚಿಗೆ ಮಿತಿಗೊಳಿಸಿದೆ, ಕವಚದೊಳಗಿನ ವಯರಿಗೆ ಮಾತ್ರ ಸಡಿಲಿಕೆ. ಟರ್ಮಿನಲ್ ಫ್ಯೂಸ್‌ನಲ್ಲಿ ಆ ದೂರವೇ ಉಳಿಯುವುದಿಲ್ಲ. ಬ್ರೇಕರಿನಂತೆ ಒಳಗೆ ಚಲಿಸುವ ಭಾಗವಿಲ್ಲ, ಸೆಕೆಗೆ ಬ್ರೇಕರಿನಷ್ಟು ಬಗ್ಗುವುದಿಲ್ಲ. ಸ್ಟಾರ್ಟರ್ ಮೋಟಾರಿನ ದಪ್ಪ ಕೇಬಲ್ ಮಾತ್ರ ಇದಕ್ಕೆ ಸೇರುವುದಿಲ್ಲ, ಅದನ್ನು ಪ್ರತ್ಯೇಕವಾಗಿ, ಎಲ್ಲೂ ಉಜ್ಜದಂತೆ ಕಟ್ಟಬೇಕು.

ಮನೆಯ ಎಂಸಿಬಿ (ಮೀಟರ್ ಬೋರ್ಡಿನ ಬ್ರೇಕರ್) ಹಾಕಿದರಾಗದೇ ಎಂದು ದಕ್ಕೆಯಲ್ಲಿ ಎಲ್ಲರೂ ಕೇಳುತ್ತಾರೆ. ಅಗ್ಗ, ಊರಲ್ಲೇ ಸಿಗುತ್ತದೆ, ನಿಜ. ಆದರೆ 50 ಹರ್ಟ್ಸ್ ಎಸಿ ಸೆಕೆಂಡಿಗೆ ನೂರು ಸಲ ಸೊನ್ನೆಗೆ ಇಳಿಯುತ್ತದೆ, ಕರೆಂಟು ಕಡಿಯುವಾಗ ಹುಟ್ಟುವ ಕಿಡಿ ಅಲ್ಲೇ ಆರುತ್ತದೆ. ಡಿಸಿ ಇಳಿಯುವುದೇ ಇಲ್ಲ. ಮೈಮೇಲೆ ಡಿಸಿ ವೋಲ್ಟ್ ಮುದ್ರಿಸಿರುವ ಎಂಸಿಬಿಗಳಿವೆ, ಅವು 24 ವೋಲ್ಟನ್ನು ಕಡಿಯುತ್ತವೆ. ಆಗಲೂ ಎರಡು ತೊಡಕು. ಎಂಸಿಬಿಗಳ ಅಂತರರಾಷ್ಟ್ರೀಯ ಮಾನದಂಡ ಐಇಸಿ 60898 ಪ್ರಕಾರ 10 ಆಂಪಿನ ಎಂಸಿಬಿ ಒಂದು ಪೋಲ್‌ನಲ್ಲಿ 3 ವ್ಯಾಟ್ ತನಕ ಕಳೆಯಬಹುದು, ಅಂದರೆ 0.3 ವೋಲ್ಟ್. 230 ವೋಲ್ಟಿನಲ್ಲಿ ಅದು ಏನೂ ಅಲ್ಲ, 12 ವೋಲ್ಟಿನಲ್ಲಿ ದುಬಾರಿ. ಎರಡನೆಯದು ಇನ್ನೂ ಮುಖ್ಯ: ಸಿ ಕರ್ವ್ ವರ್ಗದ ಎಂಸಿಬಿ ತಟ್ಟನೆ ಬಿಡಲು ಎಸಿಯಲ್ಲಿ ಮೈಮೇಲೆ ಬರೆದ ಆಂಪಿನ 5ರಿಂದ 10 ಪಟ್ಟು ಕರೆಂಟ್ ಬೇಕು, ಡಿಸಿಯಲ್ಲಿ ಅದರ ಸುಮಾರು 1.4 ಪಟ್ಟು. 10 ಆಂಪಿನ ಸಿ10ಕ್ಕೆ 140 ಆಂಪ್ ಬೇಕಾಗಬಹುದು. ಬೋಟಿನ ಮೂತಿಯ (ಮುಂತುದಿಯ) ದೀಪಕ್ಕೆ 1.5 ಚದರ ಮಿಮೀ ವಯರು 15 ಮೀಟರ್ ಹೋಗಿದ್ದರೆ ಹೋಗಿ ಬರುವ ರೆಸಿಸ್ಟೆನ್ಸ್ 0.35 ಓಮ್; ಕೊನೆಯಲ್ಲಿ ಶಾರ್ಟ್ ಆದರೆ ಹರಿಯುವುದು 68 ಆಂಪ್ ಅಷ್ಟೇ. ಎಂಸಿಬಿ ಬಿಸಿಯಾಗಿ ಬಿಡಲು ಕೆಲವು ಸೆಕೆಂಡ್ ತೆಗೆದುಕೊಳ್ಳುತ್ತದೆ, 10 ಆಂಪಿನ ಕೆಂಪು ಬ್ಲೇಡ್ ಫ್ಯೂಸ್ ಕಾಲು ಸೆಕೆಂಡಿನೊಳಗೆ ಹೋಗಿರುತ್ತದೆ. ಉದ್ದ, ತೆಳು ವಯರಿಗೆ ನನ್ನ ಮತ ಈಗಲೂ ಫ್ಯೂಸಿಗೇ. ಸೋಲಾರ್‌ನ ಡಿಸಿ ಎಂಸಿಬಿ ತರುವವರು ಪ್ಲಸ್-ಮೈನಸ್ ಗುರುತು ನೋಡಿ; ಕೆಲವಕ್ಕೆ ದಿಕ್ಕು ಇದೆ, ತಿರುಗಿಸಿ ಕಟ್ಟಿದರೆ ಕಿಡಿ ಆರುವ ಕಡೆಗೆ ಹೋಗುವುದಿಲ್ಲ.

ಬಿಲ್ಜ್ ಪಂಪನ್ನು ಪ್ಯಾನೆಲ್‌ಗೆ ತರಲೇ ಇಲ್ಲ. ಮೇನ್ ಸ್ವಿಚ್ಚಿಗಿಂತ ಮೊದಲೇ ಬ್ಯಾಟರಿ ಕಡೆಯಿಂದ, ನೀರು ತಾಗದ ಹೋಲ್ಡರಿನಲ್ಲಿ, ಪಂಪಿನ ಮೈಮೇಲೆ ಬರೆದಷ್ಟೇ ಆಂಪಿನ ಫ್ಯೂಸ್. ಬಲೆಯ ದಾರ ಇಂಪೆಲ್ಲರಿಗೆ (ನೀರು ತಳ್ಳುವ ಚಕ್ರಕ್ಕೆ) ಸುತ್ತಿದರೆ ಮೋಟಾರು ನಿಂತಲ್ಲೇ ಬಹಳ ಹೆಚ್ಚು ಕರೆಂಟ್ ಎಳೆಯುತ್ತದೆ. ದೊಡ್ಡ ಫ್ಯೂಸ್ ಹಾಕಿದ್ದರೆ ಅದು ಹೋಗದು, ಪಂಪು ಸುಟ್ಟು ಹೋಗುತ್ತದೆ. ಫ್ಯೂಸ್ ಹೋದದ್ದು ಮೇಲೆ ತಿಳಿಯುವಂತೆ ಬಿಲ್ಜ್‌ನಲ್ಲಿ ಬೇರೆಯೇ ಫ್ಲೋಟ್ (ನೀರೇರಿದರೆ ಆನ್ ಆಗುವ ಸ್ವಿಚ್) ಮತ್ತು ಅಲಾರಂ ಇಡಿ, ಅದಕ್ಕೆ ಬೇರೆ ಫ್ಯೂಸ್.

ಪ್ಯಾನೆಲ್‌ಗೆ ಒಂದು ಅಂಕ ಕಳೆದದ್ದು ಎರಡು ಕಾರಣಕ್ಕೆ. ಸದಾ ಆನ್ ಇರುವ ಜಿಪಿಎಸ್ ಬ್ರೇಕರಿನ ಟಾಗಲ್ ಉಪ್ಪಿಗೆ ಗಟ್ಟಿಯಾಗುತ್ತದೆ, ತಿಂಗಳಿಗೊಮ್ಮೆ ಎಲ್ಲವನ್ನೂ ನಾಲ್ಕೈದು ಸಲ ಆಫ್-ಆನ್ ಮಾಡಬೇಕು. ಮತ್ತೆ ಬೆಲೆ: ಒಂದು ಬ್ರೇಕರ್ ಹಾಳಾದರೆ ಆ ದುಡ್ಡಿಗೆ ಡಬ್ಬಿ ತುಂಬ ಬ್ಲೇಡ್ ಫ್ಯೂಸ್ ಬರುತ್ತದೆ, ಸಮುದ್ರದ ನಡುವೆ ಬದಲಿ ಬ್ರೇಕರ್ ಯಾರ ಬಳಿಯೂ ಇರುವುದಿಲ್ಲ. ಹಾಗಾಗಿ ಪ್ಯಾನೆಲ್ ಹಿಂದೆ ಎರಡು ಖಾಲಿ ಫ್ಯೂಸ್ ಹೋಲ್ಡರ್ ಕಟ್ಟಿಟ್ಟಿದ್ದೇವೆ.

ಪೆಟ್ರೋಲ್ ಔಟ್‌ಬೋರ್ಡಿನ ನಾಡದೋಣಿಗೆ ಎರಡು ದೀಪ, ಒಂದು ಜಿಪಿಎಸ್ ಮಾತ್ರ ಇದ್ದರೆ ಪ್ಯಾನೆಲ್ ಬೇಡ. ಮುಚ್ಚಳವಿರುವ ನಾಲ್ಕು ದಾರಿಯ ಬ್ಲೇಡ್ ಬಾಕ್ಸ್, ಬ್ಯಾಟರಿ ಮೇಲೆ 30 ಆಂಪಿನ ಟರ್ಮಿನಲ್ ಫ್ಯೂಸ್, ಪ್ರತಿ ಅಳತೆಯ ಐದೈದು ಬದಲಿ ಫ್ಯೂಸ್. ಬಾಕ್ಸನ್ನು ಪೆಟ್ರೋಲ್ ಟ್ಯಾಂಕಿನಿಂದ ದೂರ, ಗಾಳಿಯಾಡುವ ಎತ್ತರದಲ್ಲಿಡಿ; ಪೆಟ್ರೋಲ್ ಆವಿ ಗಾಳಿಗಿಂತ ಭಾರ, ದೋಣಿಯ ತಳದಲ್ಲೇ ಕೂರುತ್ತದೆ. ದೊಡ್ಡ ಬೋಟಿನವರು ಪ್ಯಾನೆಲ್ ಕೂರಿಸುವುದಿದ್ದರೆ ಜೂನ್ 1ರಿಂದ ಜುಲೈ 31ರ ನಿಷೇಧದ 61 ದಿನಗಳಲ್ಲೇ ಮುಗಿಸಿ, ಹಳೆಯ ವಯರಿನ ತುದಿಯನ್ನು ಕತ್ತರಿಸಿ ನೋಡಿ. ಒಳಗಿನ ತಾಮ್ರ ಕಪ್ಪಾಗಿದ್ದರೆ ಹೊಳೆಯುವ ತಾಮ್ರ ಸಿಗುವ ತನಕ ಹಿಂದಕ್ಕೆ ಕತ್ತರಿಸಿ, ಒಳಗೆ ಅಂಟು ಇರುವ ಹೀಟ್ ಶ್ರಿಂಕ್ ಸ್ಲೀವ್ (ಬಿಸಿಗೆ ಕುಗ್ಗುವ ಕೊಳವೆ) ಹಾಕಿ ಲಗ್ ಕ್ರಿಂಪ್ ಮಾಡಿ (ತುದಿಯ ಲೋಹದ ಬಳೆಯನ್ನು ಒತ್ತಿ ಬಿಗಿಯಿರಿ). ಹೊಳೆಯುವ ತಾಮ್ರ ಸಿಗದಿದ್ದರೆ ಆ ವಯರನ್ನು ಪೂರ್ತಿ ಎಳೆದು ಹಾಕಿ, ಆಮೇಲೆ ಪ್ಯಾನೆಲ್ ಕೊಳ್ಳಿ.